ಹೂ ಬಿಟ್ಟ ಮನೆ ಅನರ್ಹ

ಮೀಟರ್ ರೀಡರ್ ಓಬಳೇಶಪ್ಪನಿಗೆ ಆರ್ಕಿಡ್ ಅಂದರೆ ಏನೆಂದೇ ಗೊತ್ತಿರಲಿಲ್ಲ ಎಂದು ಕೊಟ್ಟೂರಿನಲ್ಲಿ ಕೆಲವರು ಆಡಿಕೊಳ್ಳುತ್ತಾರೆ. ಅದು ಶುದ್ಧ ಸುಳ್ಳು. ಅವನಿಗೆ ಚೆನ್ನಾಗಿ ಗೊತ್ತಿತ್ತು: ಆರ್ಕಿಡ್ ಅಂದರೆ ಮೂಲವ್ಯಾಧಿಗೆ ಹಚ್ಚುವ ಮುಲಾಮು. ಹಾಗಾಗಿಯೇ ಆವತ್ತು ವಿದ್ಯುತ್ ಕಚೇರಿಯಲ್ಲಿ ಸೆಕ್ಷನ್ ಆಫೀಸರ್ ಕೋಮಲಾ ಮೇಡಂ, "ನಿಮ್ಮೊಳಗ ಯಾರಿಗರ ಆರ್ಕಿಡ್ ಬಗ್ಗೆ ಗೊತ್ತೈತೇನ್ರಿ?" ಎಂದು ಕೇಳಿದಾಗ, ಉಳಿದ ಹನ್ನೊಂದು ಜನ ಫ್ಯಾನು ತಿರುಗುವುದನ್ನು ಎಣಿಸುತ್ತಿದ್ದರೆ, ಅವನೊಬ್ಬ ಎದ್ದು ನಿಂತು, "ನಮ್ಮ ಮನ್ಯಾಗ ಮೂರು ತಲಿಮಾರಿನಿಂದ ಇಟ್ಕೊಂಡೇ ಬಂದೀವ್ರಿ ಮೇಡಂ" ಅಂದುಬಿಟ್ಟ.

ಮೇಡಂ ದೀಪಾವಳಿ ಮುಗಿದ ವಾರಕ್ಕೆ ನಾಲ್ಕು ತಿಂಗಳ ತರಬೇತಿಗೆಂದು ಮೈಸೂರಿಗೆ ಹೊರಟಿದ್ದರು. ಹೋಗುವ ಮುಂಚೆ ತಾವು ಮಕ್ಕಳಂತೆ ಸಾಕಿದ ಮೂರು ಗಿಡಗಳನ್ನು ಬಲ್ಲವರೊಬ್ಬರ ಕೈಗೆ ಒಪ್ಪಿಸಬೇಕಿತ್ತು. ಗಿಡಗಳು ಮೇಜಿನ ಮೇಲೆ ಬಂದು ಕೂತಾಗ ಓಬಳೇಶಪ್ಪನ ಮುಖ ನೋಡಬೇಕಿತ್ತು. ಮುಲಾಮಿನ ಡಬ್ಬಿ ಬರುತ್ತದೆಂದು ಕೈ ಚಾಚಿದವನ ಎದುರು ಎಲೆ, ಬೇರು. ಅದೂ ಎಂಥ ಬೇರು. ಎರಡು ಕುಂಡಗಳಲ್ಲಿ ಹುಡುಕಿದರೂ ಚಿಟಿಕೆ ಮಣ್ಣಿಲ್ಲ, ಬರೀ ಇದ್ದಿಲು, ತೊಗಟೆ. ಮೂರನೆಯದಕ್ಕೆ ಕುಂಡವೂ ಇಲ್ಲ. ತಂತಿಗೆ ನೇತುಬಿದ್ದು ಬೇರುಗಳನ್ನೆಲ್ಲ ಗಾಳಿಗೆ ಬಿಟ್ಟುಕೊಂಡಿತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ತಪ್ಪೊಪ್ಪಿಕೊಂಡು ಮನೆಗೆ ಹೋಗುತ್ತಿದ್ದರು. ಓಬಳೇಶಪ್ಪ ಒಂದೊಂದನ್ನೂ ಮೂಗಿನ ಹತ್ತಿರ ತಂದು ಮೂಸಿ, "ಜಾತಿ ಮಾಲು" ಎಂದು ತೀರ್ಪು ಕೊಟ್ಟ.

"ನೀರಿನ ಚಿಂತಿ ಬ್ಯಾಡ, ವಾರಕ್ಕ ಎರಡು ಸಲ ಸಾಕು. ಆಟ ಎಲ್ಲಾ ಬೆಳಕಿನ ಮ್ಯಾಲ ಐತಿ," ಎಂದು ಮೇಡಂ ಶುರುಮಾಡಿದರು. "ಇದು ಫೆಲನಾಪ್ಸಿಸ್. ಇದಕ್ಕ ಪೂರ್ವದ ಕಿಟಕಿ, ಪರದೆ ಹಿಂದಿನ ತಂಪು ಬೆಳಕು. ಎಲಿಗಿಂತ ಒಂದು ಮೊಳ ಮ್ಯಾಲ ಕೈ ಹಿಡೀರಿ. ನೆರಳು ಮಬ್ಬಾಗಿ ಬೀಳಬೇಕು, ಬೆರಳು ಎಣಿಸಾಕ ಬರಬಾರದು. ಇದು ಡೆಂಡ್ರೋಬಿಯಂ. ಇದಕ್ಕ ಇನ್ನಷ್ಟು ಬೆಳಕು ಬೇಕು, ಮುಂಜಾನಿ ಎಳಿ ಬಿಸಿಲು ನಡೀತೈತಿ. ಬೆರಳು ಕಾಣಬೇಕು. ತೂಗು ಹಾಕಿದ್ದು ವ್ಯಾಂಡಾ. ಅದಕ್ಕ ಎಲ್ಲಕ್ಕಿಂತ ಜಾಸ್ತಿ, ನೆರಳಿನಾಗ ಉಗುರು ಸೈತ ಕಾಣಬೇಕು. ಎಲಿ ಕಪ್ಪಗೆ ಹಸಿರಾತು ಅಂದ್ರ ಬೆಳಕು ಸಾಲವಲ್ದು, ಹೂ ಬಿಡಂಗಿಲ್ಲ. ಕೆಂಪಗಾತು ಅಂದ್ರ ಬಿಸಿಲು ಜಾಸ್ತಿ, ಸುಟ್ಟು ಹೋಗ್ತೈತಿ. ಎಳಿ ಮೆಕ್ಕೆಜೋಳದ ಎಲಿ ಬಣ್ಣ ಇದ್ರ ಸರಿ. ತಿಳೀತಾ?"

"ನಮ್ಮಜ್ಜ ಹಿಂಗ ಮಾಡ್ತಿದ್ದ," ಅಂದ ಓಬಳೇಶಪ್ಪ. ಅವನಜ್ಜ ಕುರಿ ಕಾಯುತ್ತಿದ್ದ.

ಮೇಡಂ ಖುಷಿಯಾಗಿ ಒಂದು ಮಾತು ಕೊಟ್ಟರು. ಸ್ಟೋರ್ ನೋಡಿಕೊಳ್ಳುವ ಗಾದಿಲಿಂಗಪ್ಪ ಫೆಬ್ರವರಿಗೆ ನಿವೃತ್ತಿ. "ನಾ ಬರೋದ್ರಾಗ ಮೂರರಾಗ ಒಂದು ಹೂ ಬಿಟ್ಟಿದ್ರೂ ಸಾಕು, ಗಾದಿಲಿಂಗಪ್ಪನ ಕುರ್ಚಿ ನಿಮ್ದು."

ಆ ಕುರ್ಚಿಯ ಮಹಿಮೆ ಅರಿಯದವರು ಕತೆಯನ್ನು ಇಲ್ಲಿಗೇ ಬಿಡುವುದು ಒಳ್ಳೆಯದು. ಅದು ಪೂರ್ವದ ಕಿಟಕಿಯ ಪಕ್ಕ, ಫ್ಯಾನಿನ ನೇರ ಕೆಳಗೆ, ನೀರಿನ ಫಿಲ್ಟರಿಗೆ ಕೈಯಳತೆಯಲ್ಲಿ ಇತ್ತು. ಗಾದಿಲಿಂಗಪ್ಪ ಹತ್ತೊಂಬತ್ತು ವರ್ಷ ಅದರ ಮೇಲೆ ಕೂತು, ಎದ್ದದ್ದು ಒಟ್ಟು ನಾಲ್ಕು ಸಲವೆಂದೂ ಅದರಲ್ಲಿ ಎರಡು ಸಲ ಭೂಕಂಪದ ಸುದ್ದಿ ಬಂದಾಗಲೆಂದೂ ಪ್ರತೀತಿ. ಅದೇ ಓಬಳೇಶಪ್ಪ ಇಪ್ಪತ್ತಾರು ವರ್ಷ ಬಿಸಿಲಿನಲ್ಲಿ ಮನೆ ಮನೆ ತಿರುಗಿ ಮೀಟರ್ ಓದಿದವ. ಅವನ ನೆತ್ತಿಯ ಮೇಲೆ ಹೆಂಡತಿ ಹೊನ್ನೂರಮ್ಮ ಸಂಡಿಗೆ ಒಣಗಿಸುತ್ತಾಳೆಂದು ಓಣಿಯವರು ಹೇಳುತ್ತಿದ್ದರು. ಒಣಗಿಸುತ್ತಿರಲಿಲ್ಲ. ಆದರೆ ಇಟ್ಟಿದ್ದರೆ ಒಣಗುತ್ತಿದ್ದವು.

ಗಿಡ ಮನೆಗೆ ಬಂದಾಗ ಹೊನ್ನೂರಮ್ಮ ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿದಳು. ಅವರದು ಸಂದಿಯ ಮನೆ. ಇದ್ದ ಒಂದೇ ಕಿಟಕಿ ತೆರೆದರೆ ಪಕ್ಕದ ಗೋಡೆ ಮೂಗಿಗೆ ತಾಗುತ್ತಿತ್ತು. ಓಬಳೇಶಪ್ಪ ಮೇಡಂ ಹೇಳಿಕೊಟ್ಟಂತೆ ಕೈ ಚಾಚಿದ. ಮಬ್ಬು ನೆರಳೂ ಇಲ್ಲ, ಬೆರಳೂ ಇಲ್ಲ. ಕೈ ಇದೆಯೋ ಇಲ್ಲವೋ ಎಂಬುದೇ ಅನುಮಾನ.

"ಗಿಡ ತಂದೀರಿ, ಚಲೋ ಆತು," ಅಂದಳು ಹೊನ್ನೂರಮ್ಮ. "ಬೆಳಕು ಯಾರ ಮನಿಯಿಂದ ತರ್ತೀರಿ?"

ಅವಳು ಹೇಳಿದ್ದು ಚುಚ್ಚುಮಾತು. ಓಬಳೇಶಪ್ಪ ಅದನ್ನು ಸಲಹೆಯೆಂದು ಸ್ವೀಕರಿಸಿದ. ಹಿಂದೆ ಓದುವ ಬಡ ಹುಡುಗರು ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆಯೆಂದು ವಾರಾನ್ನ ಉಂಡು ದೊಡ್ಡವರಾಗಲಿಲ್ಲವೇ? ಗಿಡಗಳೂ ಓಣಿಯವರ ಮನೆಯಲ್ಲಿ ಬೆಳಕು ಉಂಡು ಬೆಳೆಯಲಿ. ಹೊನ್ನೂರಮ್ಮ ಹಣೆ ಚಚ್ಚಿಕೊಂಡು, ಹೋಗುವ ಮುಂಚೆ ಹೆಸರಾದರೂ ಇರಲಿ ಎಂದು ಮೂರಕ್ಕೂ ಹೆಸರಿಟ್ಟಳು. ಮಬ್ಬು ಬೆಳಕು ಬೇಡುವ ಫೆಲನಾಪ್ಸಿಸ್ ತಣ್ಣನಾಕಿ, ಡೆಂಡ್ರೋಬಿಯಂ ನಡುವಿನಾಕಿ, ಉಗುರು ಕಾಣುವಷ್ಟು ಬಿಸಿಲು ಬೇಡುವ ವ್ಯಾಂಡಾ ಉರಿಯಾಕಿ.

ಮಾರನೇ ದಿನ ಓಬಳೇಶಪ್ಪ ಬಿಲ್ಲಿನ ಮಿಷನ್ನು ಹೆಗಲಿಗೆ ಹಾಕಿಕೊಂಡು ಎದುರು ಸಾಲಿನ ಹುಲುಗಮ್ಮನ ಮನೆಗೆ ಹೋದ. ಹುಲುಗಮ್ಮ ಖಡಕ್ ರೊಟ್ಟಿ ಬಡಿದು ಅಂಗಡಿಗಳಿಗೆ ಹಾಕುವ ಮುದುಕಿ. ಅವಳ ಕೈಯ ರೊಟ್ಟಿಯೂ ಬಾಯಿಯ ಮಾತೂ ಒಂದೇ ಹದದ್ದು, ಮುಟ್ಟಿದರೆ ಚಟ್ಟನೆ ಮುರಿಯುತ್ತಿದ್ದವು. ಅವಳು ಬಡಿಯುವುದು ನಿಲ್ಲಿಸಿ ನೋಡಿದಳು. ಮೀಟರ್ ಓದಲು ಬಂದವನು ಮೀಟರಿಗೆ ಬೆನ್ನು ಮಾಡಿ, ಪೂರ್ವದ ಕಿಟಕಿಯ ಮುಂದೆ ಕೈ ಚಾಚಿಕೊಂಡು ನೆಲ ನೋಡುತ್ತ ನಿಂತಿದ್ದಾನೆ.

"ಏನಪ್ಪಾ ಓಬಳೇಶಿ, ಯಾರಿಗೆ ಆಶೀರ್ವಾದ ಮಾಡಾಕತ್ತಿ?"

"ಬೆಳಕು ನೋಡಾಕತ್ತೀನಿ ದೊಡ್ಡವ್ವ."

"ಐವತ್ತೆರಡು ವರ್ಸ ಆತು ಹುಟ್ಟಿ. ಇವತ್ತ ಕಾಣ್ತೇನು?"

ಇಲ್ಲಿ ಒಂದೇ ಒಂದು ಮಾತು ಸಾಕಿತ್ತು. ಮೇಡಮ್ಮರ ಗಿಡ ದೊಡ್ಡವ್ವ, ನಿನ್ನ ಕಿಟಕ್ಯಾಗ ನಾಲ್ಕು ತಿಂಗಳು ಇಟ್ಕೋ ಅಂದಿದ್ದರೆ ಆಕೆ ನಾಲ್ಕು ಬೈದು ಇಟ್ಟುಕೊಳ್ಳುತ್ತಿದ್ದಳು. ಆದರೆ ಇಲಾಖೆಯ ಮನುಷ್ಯ, ಕೊರಳಲ್ಲಿ ಗುರುತಿನ ಚೀಟಿ ಇರುವವ, ರೊಟ್ಟಿ ಬಡಿಯುವ ಮುದುಕಿಯ ಹತ್ತಿರ ಹೂವಿನ ಕುಂಡಕ್ಕೆ ಜಾಗ ಬೇಡುವುದೇ? ಓಬಳೇಶಪ್ಪ ಗಂಟಲು ಸರಿಮಾಡಿಕೊಂಡ.

"ಸರ್ವೆ ಐತಿ. ಯಾರ ಮನ್ಯಾಗ ಎಷ್ಟು ಬೆಳಕು ಐತಿ ಅಂತ."

"ಇದ್ದವರಿಗೆ ಏನ್ ಮಾಡ್ತೀರಿ?"

"ಇದ್ದವರಿಗೆ ಏನೂ ಇಲ್ಲ."

"ಇಲ್ದವರಿಗೆ?"

ಓಬಳೇಶಪ್ಪ ಮೇಲೆ ನೋಡಿದ. ಮೇಲೆ ತಗಡು ಇತ್ತು. ಅದರಿಂದ ಸಲಹೆ ಬರಲಿಲ್ಲ. "ಇಲ್ದವರಿಗೆ ಏನರ ಒಂದು ಬಂದೇ ಬರ್ತೈತಿ," ಅಂದ.

ಹುಲುಗಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ನೆಟ್ಟಗೆ ಕೂತಳು. ಓಬಳೇಶಪ್ಪನಿಗೆ ತನ್ನ ಮಾತು ತನಗೇ ರುಚಿಸಿತು. ರುಚಿಸಿದ ಮೇಲೆ ಅವನು ಒಂದು ತುತ್ತಿಗೆ ನಿಲ್ಲಿಸುವವನಲ್ಲ. ಚೀಲದಿಂದ ತಣ್ಣನಾಕಿಯನ್ನು ಹೊರತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟ. "ಇದು ಗಿಡ ಅಂತ ತಿಳ್ಕೋಬ್ಯಾಡ. ಅಳೆಯೋ ಯಂತ್ರ. ಇದನ್ನ ಜ್ವಾಕಿ ಮಾಡು, ವಾರಕ್ಕ ಎರಡು ಸಲ ನೀರು ಹಾಕು. ಇದು ಹೂ ಬಿಡ್ತು ಅಂದ್ರ ನಿನ್ನ ಮನ್ಯಾಗ ಬೆಳಕು ಭೇಷ್ ಐತಿ ಅಂತ ಲೆಕ್ಕ."

"ಹೂ ಬಿಡ್ಲಿಲ್ಲಂದ್ರ?"

"ಕತ್ಲ ಅಂತ ಲೆಕ್ಕ."

ಮೇಧಾವಿಗಳು ತಮ್ಮ ಗುಂಡಿ ತೋಡುವಾಗ ಅಳತೆ ತಪ್ಪುವುದಿಲ್ಲ. ಅದೇ ಮಾತನ್ನು ಅವನು ಹಿಟ್ಟಿನ ಗಿರಣಿಯ ಪಾಲಾಕ್ಷಪ್ಪನಿಗೂ ಹೇಳಿ ನಡುವಿನಾಕಿಯನ್ನು ಅವನ ಪಡಸಾಲೆಯಲ್ಲಿ ಇಳಿಸಿದ. ಓಣಿಯ ಮೂಲೆಯಲ್ಲಿ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟುಕೊಂಡಿದ್ದ ಮೈಲಾರೇಶನಿಗೂ ಹೇಳಿ ಉರಿಯಾಕಿಯನ್ನು ಅವನ ಅಂಗಡಿಯ ಮುಂದಿನ ಕೊಂಡಿಗೆ ತೂಗು ಹಾಕಿದ. ಗಿಡ ಹಂಚಿದ ಸಂತೋಷಕ್ಕೆ ಮನೆಗೆ ಬರುವಾಗ ಕಾಲು ಕೆಜಿ ಜಿಲೇಬಿ ತಂದ. ಹೊನ್ನೂರಮ್ಮ ಕೇಳಿದ್ದಕ್ಕೆ, "ಕುರ್ಚಿ ಅರ್ಧ ಬಂದಂಗ" ಅಂದ.

ಮೂರನೇ ದಿನಕ್ಕೆ ಯೋಜನೆಗೆ ಹೆಸರು ಬಂತು: ಕತ್ತಲೆ ಮನೆ ಯೋಜನೆ. ಇಟ್ಟವರು ಯಾರೆಂದು ಯಾರಿಗೂ ಗೊತ್ತಿಲ್ಲ. ಐದನೇ ದಿನಕ್ಕೆ ಮೈಲಾರೇಶನ ಅಂಗಡಿಯಲ್ಲಿ ಅರ್ಜಿ ನಮೂನೆ ಸಿಕ್ಕಿತು. ಮನೆಯ ಒಟ್ಟು ಕಿಟಕಿ, ಅದರಲ್ಲಿ ಬೆಳಕು ಬಾರದ ಕಿಟಕಿ, ಕುಟುಂಬದಲ್ಲಿ ಎಡವಿ ಬಿದ್ದವರ ಸಂಖ್ಯೆ ಎಂಬ ಮೂರು ಅಂಕಣಗಳಿದ್ದವು. ಏನು ಸಿಗುತ್ತದೆಂಬುದು ಅದರಲ್ಲಿರಲಿಲ್ಲ. ಅದನ್ನು ಯಾರೂ ಕೇಳಲೂ ಇಲ್ಲ. ಸಿಗುತ್ತದೆಂದ ಮೇಲೆ ಏನೆಂದು ಕೇಳುವ ಸಣ್ಣ ಬುದ್ಧಿ ಆ ಓಣಿಯವರಿಗಿರಲಿಲ್ಲ.

ಆಮೇಲೆ ಶುರುವಾಯಿತು ನೋಡಿ. ಮೊದಲು ಕಿಟಕಿಗಳಿಗೆ ಗೋಣಿಚೀಲ ಬಂದವು. ಗೋಣಿಚೀಲ ಸಾಲದೆಂದವರು ತಗಡು ಬಡಿದರು. ತಗಡಿನ ಸಂದಿಯಲ್ಲಿ ಸೂಜಿಯಷ್ಟು ಬೆಳಕು ಬಂದದ್ದನ್ನು ನೋಡಿ ಅಳುಕಿದವರು ಗೌಂಡಿಯನ್ನು ಕರೆಸಿ ಇಟ್ಟಿಗೆ ಕಟ್ಟಿಸಿದರು. ಕೊಟ್ಟೂರಿನ ಗೌಂಡಿಗಳು ಸಾಲದೆ ಕೂಡ್ಲಿಗಿಯಿಂದ ಟೆಂಪೋ ತುಂಬ ಗೌಂಡಿಗಳು ಬಂದರು. ಹಾಡುಹಗಲು ಹನ್ನೆರಡಕ್ಕೆ ಓಣಿಯ ಮನೆಮನೆಯಲ್ಲೂ ಬಲ್ಬು ಉರಿಯತೊಡಗಿ, ಓಬಳೇಶಪ್ಪ ಓದುವ ಮೀಟರುಗಳು ಗಿರಗಿಟ್ಲೆಯಂತೆ ತಿರುಗಿದವು. ಒಬ್ಬ ಅಳಿಯ ಮಾವನ ಮನೆಗೆ ಬಂದು, ಕತ್ತಲಲ್ಲಿ ತಪ್ಪಿ ಪಕ್ಕದ ಮನೆಯಲ್ಲಿ ಎರಡು ದಿನ ಉಂಡು ಮಲಗಿ, ಉಪಚಾರ ಈ ಸಲ ಚಲೋ ಆತು ಎಂದು ಹೇಳಿ ಹೋದ.

ಓಬಳೇಶಪ್ಪನಿಗೆ ಮೊದಲು ಇದೆಲ್ಲ ಹಿತವಾಗಿಯೇ ಇತ್ತು. ದಾರಿಯಲ್ಲಿ ಸಿಕ್ಕವರು ನಮಸ್ಕಾರ ಹಾಕುತ್ತಿದ್ದರು. ಹೋಟೆಲಿನಲ್ಲಿ ಅವನು ಕೇಳದೆ ಮಂಡಕ್ಕಿ ಮಿರ್ಚಿ ಬರುತ್ತಿತ್ತು. ಇಪ್ಪತ್ತಾರು ವರ್ಷ ಅವನನ್ನು ಕಂಡರೆ ನಾಯಿ ಬಿಡುತ್ತಿದ್ದ ಮನೆಗಳವರು ಈಗ ನಾಯಿಯನ್ನೇ ಕಟ್ಟಿಹಾಕಿ ಚಾಪೆ ಹಾಸುತ್ತಿದ್ದರು. ಎದೆ ಎರಡು ಇಂಚು ಮುಂದೆ ಬಂತು.

ಇಪ್ಪತ್ತು ದಿನ ಕಳೆದು ಗಿಡ ನೋಡಲೆಂದು ಪಾಲಾಕ್ಷಪ್ಪನ ಮನೆಗೆ ಹೋದಾಗ ಆ ಎದೆ ತನ್ನ ಜಾಗಕ್ಕೆ ವಾಪಸು ಹೋಯಿತು. ಪಡಸಾಲೆಯಲ್ಲಿ ನಡುವಿನಾಕಿ ಇರಲಿಲ್ಲ.

"ಪಾಲಾಕ್ಷಣ್ಣ, ಗಿಡ ಎಲ್ಲೈತಿ?"

"ಗಿಡ ಅಲ್ಲ, ಯಂತ್ರ," ಎಂದು ಪಾಲಾಕ್ಷಪ್ಪ ತಿದ್ದಿದ. ಟಾರ್ಚು ಹಿಡಿದು ಒಳಕೋಣೆಗೆ ಕರೆದೊಯ್ದು, ಜೋಳ ತುಂಬುವ ಕಣಜದ ಮುಚ್ಚಳ ತೆಗೆದು ತೋರಿಸಿದ. ತಳದಲ್ಲಿ ನಡುವಿನಾಕಿ ಕೂತಿದ್ದಳು. ಎಳೆ ಮೆಕ್ಕೆಜೋಳದ ಬಣ್ಣ ಹೋಗಿ ಎಲೆಗಳು ಹೊಂಗೆ ಎಲೆಯಂತೆ ಕಪ್ಪಿಟ್ಟಿದ್ದವು.

"ಹೆಂಗೈತಿ ಕತ್ಲ?" ಎಂದು ಪಾಲಾಕ್ಷಪ್ಪ ಮೀಸೆ ತೀಡಿದ. "ಇಡೀ ಓಣ್ಯಾಗ ಇಂಥಾ ಕತ್ಲ ತೋರಿಸ್ರಿ ನೋಡಾಣ. ನಮ್ಮಜ್ಜನ ಕಾಲದ್ದು, ಕಲಬೆರಕಿ ಇಲ್ಲ."

"ಇದು ಹಿಂಗ ಇದ್ರ ಹೂ ಬಿಡಂಗಿಲ್ಲೋ ಅಣ್ಣ."

"ಬಿಡಬಾರ್ದು ಅಂತನ ಅಲ್ಲೇನ್ರಿ ಇಷ್ಟೆಲ್ಲಾ ಮಾಡಿದ್ದು?"

ಓಬಳೇಶಪ್ಪ ಬಾಯಿ ತೆರೆದ. ಸುಳ್ಳು ಹೇಳಿದೆ ಅಂದರೆ ಪಾಲಾಕ್ಷಪ್ಪ ಕಣಜದೊಳಗೆ ಅವನನ್ನೇ ಇಳಿಸಿ ಮುಚ್ಚಳ ಹಾಕುತ್ತಿದ್ದ. ಬಾಯಿ ಮುಚ್ಚಿಕೊಂಡು ಮೈಲಾರೇಶನ ಅಂಗಡಿಗೆ ಓಡಿದ. ಅಲ್ಲಿ ಉರಿಯಾಕಿ ಕೊಂಡಿಯಲ್ಲಿರಲಿಲ್ಲ, ಅಂಗಡಿಯ ಮೇಲಿನ ತಗಡಿನ ಮೇಲೆ ಮಲಗಿದ್ದಳು. ಎಲೆಗಳು ಮೊದಲು ಕೆಂಪಗಾಗಿ, ಈಗ ಅಂಚಿನಲ್ಲಿ ಹಪ್ಪಳದಂತೆ ಸುಟ್ಟು ಮುರುಟಿದ್ದವು. ಬಿಸಿಲು ಬೇಡುವವಳು ನಿಜ, ಆದರೆ ಕೊಟ್ಟೂರಿನ ಕಾದ ತಗಡಿನ ಮೇಲೆ ಕೂರಿಸಿದರೆ ಕಬ್ಬಿಣದ ಗುಂಡೂ ಬೆವರುತ್ತದೆ.

"ಲೇ ಮೈಲಾರಿ, ಏನಿದು?"

ಮೈಲಾರೇಶ ದನಿ ಇಳಿಸಿ ಅಂದ: "ಸುಮ್ನಿರು ಮಾಮ. ಉಳಿದ ಇಬ್ರೂ ಕತ್ಲದಾಗ ಇಟ್ಟಾರ. ಆದ್ರ ಅದು ಜೀವ ಇದ್ದದ್ದು, ಯಾವಾಗರ ಹೂ ಬಿಟ್ಟೀತು. ಸತ್ತದ್ದು ಬಿಡ್ತೈತೇನು? ನಾ ಪಕ್ಕಾ ಕೆಲಸ ಮಾಡೀನಿ."

ಉಳಿದದ್ದು ತಣ್ಣನಾಕಿ ಒಬ್ಬಳೇ. ಓಬಳೇಶಪ್ಪ ಆ ದಿನ ಊಟ ಬಿಟ್ಟು ಯೋಚಿಸಿದ. ಊಟ ಬಿಟ್ಟರೆ ಅವನ ತಲೆ ಇನ್ನೂ ಕೆಟ್ಟದಾಗಿ ಓಡುತ್ತಿತ್ತೆಂಬುದು ಹೊನ್ನೂರಮ್ಮನಿಗೆ ಗೊತ್ತಿತ್ತು. ಅವಳು ತಟ್ಟೆ ಮುಂದೆ ತಳ್ಳುತ್ತಲೇ ಇದ್ದಳು. ಸಂಜೆ ಅವನು ಬೇವಿನಕಟ್ಟೆಯ ಮೇಲೆ ನಿಂತು ಹೊಸ ನಿಯಮ ಪ್ರಕಟಿಸಿದ. ಪೂರ್ತಿ ಕತ್ತಲೆ ಮಾಡಿಕೊಂಡವರನ್ನು ಕಳ್ಳರೆಂದು ತಿಳಿದು ಪಟ್ಟಿಯಿಂದ ತೆಗೆಯಲಾಗುವುದು. ಕಿಟಕಿಯ ಮುಂದೆ ಕೈ ಹಿಡಿದರೆ ನೆರಳು ಮಬ್ಬಾಗಿ ಬೀಳಬೇಕು, ಬೆರಳು ಮಾತ್ರ ಎಣಿಸಲು ಬರಬಾರದು. ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಪಾಲಾಕ್ಷಪ್ಪ ನಂಬಲಿಲ್ಲ. "ಮಂದಿ ಜಾಸ್ತಿ ಆದ್ರು ಅಂತ ಕಡಿಮಿ ಮಾಡಾಕ ಹೊಸಾದು ತಂದಾರ. ನಾ ಕಣಜದ ಮುಚ್ಚಳ ತಗಿಯಂಗಿಲ್ಲ," ಅಂದ. ಉಳಿದವರು ನಂಬಿದರು. ಮರುದಿನ ಕಟ್ಟಿದ ಇಟ್ಟಿಗೆಯಲ್ಲಿ ಒಂದೊಂದನ್ನೇ ಕೀಳುತ್ತ, ಕೈ ಹಿಡಿದು ನೋಡುತ್ತ, ಮತ್ತೆ ಕಟ್ಟುತ್ತ ಓಣಿಗೆ ಓಣಿಯೇ ಕೆಲಸಕ್ಕೆ ನಿಂತಿತು. ಗಂಡಸರು, ಹೆಂಗಸರು, ಕಣ್ಣು ಕಾಣದ ಮುದುಕರು ಸಹಿತ ಬಾಗಿಲಿಗೊಬ್ಬರಂತೆ ನಿಂತು ಕೈ ಚಾಚಿಕೊಂಡು ನೆಲ ನೋಡುತ್ತಿದ್ದರು. ಹರಪನಹಳ್ಳಿ ಬಸ್ಸಿನಲ್ಲಿ ಹಾದುಹೋದವರು, ಕೊಟ್ಟೂರಿನಲ್ಲಿ ಅದೇನೋ ಹೊಸ ಪಂಥ ಹುಟ್ಟಿದೆ, ಎಲ್ಲರೂ ಭೂಮಿಗೆ ಆಶೀರ್ವಾದ ಮಾಡುತ್ತಿದ್ದಾರೆ ಎಂದು ಸುದ್ದಿ ಒಯ್ದರು. ಹುಲುಗಮ್ಮನ ತಂಗಿ ಕೋಗಳಿಯಿಂದ ಬಂದು ನೋಡಿ ಹತ್ತು ಅರ್ಜಿ ಕೊಂಡು ಹೋದಳು. ಪಾಲಾಕ್ಷಪ್ಪನ ಬೀಗರು ತೆಲಿಗಿಯವರು. ಅವರು ಕಟ್ಟುಗಟ್ಟಲೆ ಒಯ್ದರು. ಹಗರಿಬೊಮ್ಮನಹಳ್ಳಿ, ಹಡಗಲಿಗಳಲ್ಲಿ ಝೆರಾಕ್ಸ್ ಮಿಷನ್ನುಗಳು ಕಾದು ಕೈ ಸುಟ್ಟವು.

ಇತ್ತ ಹುಲುಗಮ್ಮ ಕಿಟಕಿಯ ತಗಡು ಕಿತ್ತು ಹಾಕಿ, ಹಳೆಯ ಬಿಳಿ ಸೀರೆಯೊಂದನ್ನು ಒಂದು ಪದರ ಇಳಿಬಿಟ್ಟಳು. ಕೈ ಹಿಡಿದಳು. ನೆರಳು ಮಬ್ಬಾಗಿ ಬಿತ್ತು. ಬೆರಳು ಕಾಣಲಿಲ್ಲ. ಪೂರ್ವದ ಕಿಟಕಿ, ಪರದೆಯ ಹಿಂದಿನ ತಂಪು ಬೆಳಕು. ಕೋಮಲಾ ಮೇಡಂ ಬಯಸಿದ್ದ ಬೆಳಕನ್ನು, ಬೆಳಕೇ ಇಲ್ಲವೆಂದು ಸಾಧಿಸಹೊರಟ ಮುದುಕಿ ಕೂದಲೆಳೆಯೂ ತಪ್ಪದೆ ಒದಗಿಸಿದ್ದಳು. ಪುಷ್ಯದ ಚಳಿ ಬಿದ್ದಿತ್ತು. ಸಂಕ್ರಾಂತಿಯ ಮುಂಚೆ ತಣ್ಣನಾಕಿಯ ಎಲೆಯ ಬುಡದಿಂದ ಹಸಿರು ದಂಟೊಂದು ಹೊರಟು, ಫೆಬ್ರವರಿಯ ಹೊತ್ತಿಗೆ ಅದರ ತುದಿಗೆ ಬಟಾಣಿಯಂಥ ಏಳು ಮೊಗ್ಗು ಮೂಡಿದವು.

ಓಬಳೇಶಪ್ಪ ಅದನ್ನು ನೋಡಿ ಕಿಟಕಿಯ ಸರಳು ಹಿಡಿದುಕೊಂಡು ನಿಂತುಬಿಟ್ಟ. ಏಳು ಮೊಗ್ಗಲ್ಲ, ಏಳು ಕುರ್ಚಿ ಕಂಡಂತಾಯಿತು. "ದೊಡ್ಡವ್ವ, ನಿನ್ನ ಕೈ ಚಿನ್ನ ಆಗ್ಲಿ. ಇನ್ನ ಹದಿನೈದು ದಿನ, ನಮ್ಮ ಮೇಡಂ ಬಂದು ನೋಡೋ ತನಕ ಇದನ್ನ ಯಾರೂ ಮುಟ್ಟಬಾರ್ದು, ಅಲುಗಾಡಿಸಬಾರ್ದು."

"ಇದು ಹೂ ಬಿಡ್ತೈತೇನು?"

"ಬಿಡ್ತೈತಿ ದೊಡ್ಡವ್ವ, ಬಿಟ್ಟೇ ಬಿಡ್ತೈತಿ."

ಹುಲುಗಮ್ಮನ ಮುಖ ಹಂಚಿನ ಮೇಲೆ ಮರೆತ ರೊಟ್ಟಿಯಂತಾಯಿತು. ಇವನಿಗೆ ಅದು ಕಾಣಲಿಲ್ಲ. ಸ್ವಂತ ಸುಖ ಕಂಡಾಗ ಎದುರಿನವರ ಮುಖ ಕಾಣದಿರುವುದು ಅವನಿಗೆ ಹುಟ್ಟಿನಿಂದ ಬಂದ ವರ.

ಶಿವರಾತ್ರಿ ಕಳೆದ ಮೂರನೇ ದಿನಕ್ಕೆ ಮೇಡಂ ಬರುತ್ತಾರೆಂದು ಗೊತ್ತಾಯಿತು. ಅದರ ಹಿಂದಿನ ಮಧ್ಯಾಹ್ನ ಓಬಳೇಶಪ್ಪ ಗಿಡ ಒಯ್ಯಲು ಹೊಸ ಬುಟ್ಟಿ, ಅದಕ್ಕೆ ಹಾಸಲು ಟವೆಲ್ಲು ತೆಗೆದುಕೊಂಡು ಹುಲುಗಮ್ಮನ ಮನೆಗೆ ಹೋದ. ಯಾವತ್ತೂ ಬಾಗಿಲಲ್ಲೇ ಮಾತಾಡಿಸಿ ಕಳಿಸುವ ಮುದುಕಿ ಆವತ್ತು ಒಳಗೆ ಕರೆದು ಮಣೆ ಹಾಕಿದಳು.

"ಬಿಸಿಲಾಗ ಬಂದೀಯಪ್ಪ. ಬಿಸಿ ರೊಟ್ಟಿ ಅದಾವ, ಉಣ್ಣು."

ಓಬಳೇಶಪ್ಪ ಉಂಡ. ರೊಟ್ಟಿಗೆ ಶೇಂಗಾ ಚಟ್ನಿ, ಗಟ್ಟಿ ಮೊಸರು, ಜೊತೆಗೆ ಬೇಳೆ ಹಾಕಿದ ಪಲ್ಯ. ಎರಡನೇ ರೊಟ್ಟಿಗೆ ಮತ್ತಷ್ಟು ಪಲ್ಯ ಹಾಕಿಸಿಕೊಂಡ. ಮೂರನೆಯದಕ್ಕೆ ತಟ್ಟೆಯನ್ನು ಬೆರಳಿನಿಂದ ಒರೆಸಿದ.

"ಏನ್ ಪಲ್ಯ ದೊಡ್ಡವ್ವ ಇದು? ಬಾಯಾಗ ಇಟ್ರ ಕರಗ್ತೈತಿ."

"ಚಲೋ ಆಗೇತೇನು?"

"ಇಂಥಾದ್ದು ನಾ ಉಂಡೇ ಇಲ್ಲ. ಹೊನ್ನೂರಿಗೂ ಹೇಳ್ಕೊಡು."

"ಅಕಿಗೆ ಹೇಳ್ಕೊಟ್ರೂ ಕಾಯಿಪಲ್ಯ ಸಂತ್ಯಾಗ ಸಿಗಂಗಿಲ್ಲಪ್ಪ," ಎಂದು ಹುಲುಗಮ್ಮ ಬಾಯಿಗೆ ಎಲೆ ಅಡಿಕೆ ಹಾಕಿಕೊಂಡಳು. "ಏಳು ಇದ್ವು. ಮುಂಜಾನಿ ಎದ್ದು ನೋಡ್ತೀನಿ, ನಾಲ್ಕು ಅರಳಿ ನಿಂತಾವ, ಅಂಗೈಯಗಲ, ಹೊಳಪು ಅಂದ್ರ ಹೊಳಪು. ನನ್ನ ಎದಿ ಒಡೀತು. ನಾಳಿ ನಿಮ್ಮ ಮೇಡಂ ಬಂದು ನೋಡಿದ್ರ ಈ ಮುದುಕಿ ಮನ್ಯಾಗ ಬೆಳಕು ಐತಿ ಅಂತ ಬರ್ಕೊಂಡು ಹೋಗ್ತಾರ. ದಂಟಿನ ಸಮೇತ ಕಿತ್ತು ಹೆಚ್ಚಿ ಬ್ಯಾಳ್ಯಾಗ ಹಾಕಿದ್ನಿ. ನಾಳಿ ನಾಲ್ಕು ಮಂದಿ ಎದುರಿಗೆ ನೀನೂ ಹೇಳಬೇಕಪ್ಪ, ಹುಲುಗವ್ವನ ಮನ್ಯಾಗ ಹೂ ಬಿಟ್ಟಿಲ್ಲ ಅಂತ. ಉಂಡೀ, ಮರೀಬ್ಯಾಡ."

ಓಬಳೇಶಪ್ಪ ತಟ್ಟೆ ನೋಡಿದ. ತಟ್ಟೆ ಖಾಲಿ ಇತ್ತು. ಗಾದಿಲಿಂಗಪ್ಪನ ಕುರ್ಚಿ, ಫ್ಯಾನು, ನೀರಿನ ಫಿಲ್ಟರು ಎಲ್ಲವೂ ಮೂರು ರೊಟ್ಟಿಯ ಜೊತೆ ಅವನ ಹೊಟ್ಟೆಗೆ ಇಳಿದಿದ್ದವು. ಒಂದು ಸಲ ತೇಗಿದ. ಹುಲುಗಮ್ಮ ಅದನ್ನು ಒಪ್ಪಿಗೆಯೆಂದು ತಿಳಿದಳು.

ಮಾರನೇ ದಿನ ಕೋಮಲಾ ಮೇಡಂ ಕಚೇರಿಗೆ ಬಂದಾಗ ಗೇಟಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ಅರ್ಜಿ ಹಿಡಿದವರ ಸಾಲು ಬಸ್ ನಿಲ್ದಾಣದ ಕಡೆ ತಿರುಗಿ, ಅಲ್ಲಿ ಬಸ್ಸಿಗೆ ನಿಂತವರ ಸಾಲನ್ನೂ ಸೇರಿಸಿಕೊಂಡು ಬೆಳೆದಿತ್ತು. ಓಬಳೇಶಪ್ಪ ಮೂರು ಗಿಡಗಳನ್ನು ಮೇಜಿನ ಮೇಲಿಟ್ಟು ಕೈಕಟ್ಟಿ ನಿಂತ. ಒಂದು ಕಪ್ಪಗೆ, ಒಂದು ಕೆಂಪಗೆ, ಮೂರನೆಯದು ನೋಡಲು ಆರೋಗ್ಯವಾಗಿ, ಎಳೆ ಹಸಿರಾಗಿ, ಆದರೆ ನಡುವೆ ಚಾಕುವಿನಿಂದ ಕೊಯ್ದ ಒಂದು ಮೋಟು.

ಅವನ ಹಿಂದೆಯೇ ಪಾಲಾಕ್ಷಪ್ಪ ಒಳಗೆ ನುಗ್ಗಿದ. "ಮೇಡಂ, ನೀವ ಕಣ್ಣಾರೆ ನೋಡ್ರಿ. ನಾಲ್ಕು ತಿಂಗಳು ನಿಮ್ಮ ಯಂತ್ರ ಇಟ್ಕೊಂಡೀವಿ. ಮೂರರಾಗ ಒಂದ ಒಂದು ಹೂ ಬಿಟ್ಟಿಲ್ಲ. ನಮ್ಮ ಓಣಿ ಕತ್ಲ ಅಂತ ಸರ್ಟಿಫಿಕೇಟ್ ಕೊಡ್ರಿ."

"ಯಾವ ಯಂತ್ರ?"

"ಇವ," ಎಂದು ಪಾಲಾಕ್ಷಪ್ಪ ಗಿಡಗಳನ್ನು ತೋರಿಸಿದ. "ನಿಮ್ಮ ಓಬಳೇಶಪ್ಪನವರು ಮನಿ ಮನಿಗೆ ಬಂದು ಎಷ್ಟು ನಿಷ್ಠೆಯಿಂದ ಅಳತಿ ಮಾಡಿದ್ರು ಅಂತೀರಿ. ಇಂಥಾ ನೌಕರನ ನಾ ಕಂಡಿಲ್ಲ."

ಮೇಡಂ ಓಬಳೇಶಪ್ಪನ ಕಡೆ ನೋಡಿದರು. ಅವನು ಗೋಡೆಯ ಮೇಲಿನ ಸುರಕ್ಷತಾ ಸೂಚನೆಗಳನ್ನು ಮೊದಲ ಸಲ ಓದುತ್ತಿದ್ದ. ಮೇಡಂ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿ ಹದಿನೈದು ನಿಮಿಷ ಮಾತಾಡಿದರು. ಏನು ಮಾತಾಡಿದರೆಂಬುದು ಬಾಗಿಲಿಗೆ ಕಿವಿಯಿಟ್ಟಿದ್ದ ಹನ್ನೊಂದು ಜನಕ್ಕೂ ಬಾಯಿಪಾಠ. ಆದರೆ ಹೆಂಗಸರು ಮಕ್ಕಳು ಓದುವ ಕಡೆ ಬರೆಯುವಂಥದ್ದಲ್ಲ.

"ಯೋಜನಿ ಇಲ್ಲ ಅಂತ ಹೊರಗ ಹೋಗಿ ಹೇಳ್ರಿ," ಎಂದು ಕೊನೆಗೆ ಬಾಗಿಲು ತೆಗೆದು ಅಂದರು.

ಆಗ ಗಾದಿಲಿಂಗಪ್ಪ, ನಿವೃತ್ತಿಗೆ ಇನ್ನೂ ಎರಡು ದಿನ ಇದ್ದವನು, ಐದನೇ ಸಲ ಕುರ್ಚಿಯಿಂದ ಎದ್ದ. "ಹಂಗ ಹೇಳಾಕ ಬರಂಗಿಲ್ರಿ ಮೇಡಂ. ನೀವು ಇಲ್ದಾಗ ಇನ್‌ಚಾರ್ಜ್ ಇದ್ದ ಸಾಹೇಬ್ರು ಅರ್ಜಿ ತಗೊಂಡು ಸೀಲು ಹೊಡದಾರ. ಫೈಲ್ ಆಗೇತಿ. ಫೈಲ್ ಮ್ಯಾಲ ಹೋಗೇತಿ. ಮ್ಯಾಲಿಂದ ಪತ್ರನೂ ಬಂದೈತಿ."

ಪತ್ರ ಬಂದಿತ್ತು. ಕತ್ತಲೆ ಮನೆಗಳ ಕುರಿತು ಇಷ್ಟೊಂದು ಅರ್ಜಿಗಳು ಬಂದಿದ್ದರೂ ಈವರೆಗೆ ಸಮೀಕ್ಷೆ ನಡೆಸದಿರುವುದು ಏಕೆ ಎಂದು ವಿವರಣೆ ಕೇಳಿತ್ತು. ಇಲ್ಲದ ಯೋಜನೆ ಇಲ್ಲವೆಂದು ಬರೆಯಲು ಮೇಡಂ ಮೂರು ಸಲ ಪೆನ್ನು ಎತ್ತಿದರು. ಇಲ್ಲವೆಂದರೆ ಸೀಲು ಏಕೆ ಹೊಡೆದಿರಿ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರಿಸಬೇಕಾದ ಸಾಹೇಬರು ಆಗಲೇ ಬಡ್ತಿ ಪಡೆದು ಮೇಲೆ ಹೋಗಿ, ಈ ಪತ್ರಕ್ಕೆ ಸಹಿ ಹಾಕಿದ್ದರು. ಮೇಡಂ ಪೆನ್ನು ಕೆಳಗಿಟ್ಟರು.

"ಸಮೀಕ್ಷೆ ಮಾಡಾಕ ಗೊತ್ತಿದ್ದವರು ಯಾರಿದ್ದೀರಿ?" ಎಂದು ಕೇಳಿದರು.

ಹನ್ನೊಂದು ಕೈಗಳು ಒಂದೇ ಕಡೆ ತೋರಿಸಿದವು.

ಎರಡು ದಿನ ಬಿಟ್ಟು ಗಾದಿಲಿಂಗಪ್ಪ ಹಾರ ಹಾಕಿಸಿಕೊಂಡು ಮನೆಗೆ ಹೋದ. ಅವನ ಕುರ್ಚಿಯ ಮೇಲೆ ಮೇಡಂ ತಣ್ಣನಾಕಿಯನ್ನು ಕೂರಿಸಿದರು. ಪೂರ್ವದ ಕಿಟಕಿ, ಮಬ್ಬು ಗಾಜು. ಕೈ ಹಿಡಿದರೆ ಬೆರಳು ಎಣಿಸಲು ಬರುವುದಿಲ್ಲ. ಫ್ಯಾನು ಎರಡನೇ ಸ್ಪೀಡಿನಲ್ಲಿ ತಿರುಗುತ್ತದೆ. ಸ್ಟೋರ್ ಈಗ ಯಾರು ನೋಡಿಕೊಳ್ಳುತ್ತಾರೆಂದು ಕೇಳಿದರೆ ಕಚೇರಿಯವರು ಗಿಡದ ಕಡೆ ತೋರಿಸುತ್ತಾರೆ. ಗಾದಿಲಿಂಗಪ್ಪನಿಗಿಂತ ಚುರುಕು ಎಂಬ ಮಾತೂ ಇದೆ.

ಓಬಳೇಶಪ್ಪನಿಗೆ ಆದೇಶ ಸಿಕ್ಕಿತು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದೂ ತಾಲ್ಲೂಕುಗಳಲ್ಲಿ ಮನೆ ಮನೆಗೆ ಹೋಗಿ ಕತ್ತಲೆ ಅಳೆಯತಕ್ಕದ್ದು. ನಡೆದುಕೊಂಡು. ಬೇಸಿಗೆ ಮುಗಿಯುವುದರೊಳಗೆ.

ಏಪ್ರಿಲ್ ಹದಿಮೂರರ ಮಧ್ಯಾಹ್ನ ಒಂದೂವರೆಗೆ ಅವನು ತೆಲಿಗಿಯಲ್ಲಿ ಶಿವಮ್ಮ ಎಂಬಾಕೆಯ ಮನೆಯ ಮುಂದೆ ನಿಂತಿದ್ದ. ಅವನು ಓಣಿಯ ತುದಿಯಲ್ಲಿ ಕಂಡಾಗಲೇ ಕಿಟಕಿಗಳಿಗೆ ಗೋಣಿಚೀಲ ಇಳಿದಿದ್ದವು. ಅಂಗಿ ಮೈಗೆ ಅಂಟಿತ್ತು. ಚಪ್ಪಲಿಯ ಅಟ್ಟೆ ರಸ್ತೆಯ ಡಾಂಬರಿಗೆ ಅಂಟಿ ಉಳಿದುಹೋಗಿತ್ತು. ಇನ್ನೂ ಮೂರು ತಾಲ್ಲೂಕು ಬಾಕಿ ಇದ್ದವು. ಹುಟ್ಟಿದ ಮೇಲೆ ಮೊದಲನೇ ಸಲ ಅವನಿಗೆ ನಿಜ ಹೇಳುವ ಆಸೆ ಹುಟ್ಟಿತು.

"ಯಮ್ಮಾ, ಖರೇ ಹೇಳ್ತೀನಿ ಕೇಳ್ರಿ. ಇಂಥಾ ಯೋಜನಿನ ಇಲ್ಲ. ಎಲ್ಲಾ ನಾನ ಹುಟ್ಟಿಸಿದ್ದು. ಗೋಣಿಚೀಲ ತಗೀರಿ, ಮನಿಗೆ ಗಾಳಿ ಬರ್ಲಿ. ಒಂದು ಚರಗಿ ನೀರು ಕೊಡ್ರಿ, ಒಂದೀಟು ನೆರಳಾಗ ಕುಂತು ಹೋಗ್ತೀನಿ."

ಶಿವಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಕೊರಳಿನ ಗುರುತಿನ ಚೀಟಿ ನೋಡಿದಳು. ಆಮೇಲೆ ಒಳಗೆ ತಿರುಗಿ ಸೊಸೆಗೆ ಹೇಳಿದಳು:

"ಜೋಗವ್ವ, ಏಜೆಂಟ್ ಆಗಿದ್ರ ಐತಿ ಐತಿ ಅಂತ ರೊಕ್ಕ ಕೇಳ್ತಿದ್ದ. ಇವ ಇಲ್ಲ ಅಂತಾನ. ಖರೇ ಆಫೀಸರನ ಬಂದಾನ. ಬಾಗಿಲಾನೂ ಹಾಕ್ಕೋ ಲಗೂನ."

ಬಾಗಿಲು ಮುಚ್ಚಿತು. ಅಳತೆಗೆ ಬೇಕಾದ ಕತ್ತಲೆಯೆಲ್ಲ ಒಳಗೆ ಉಳಿಯಿತು. ಓಬಳೇಶಪ್ಪ ಹೊರಗೆ, ಬಿಸಿಲಿನಲ್ಲಿ ಉಳಿದ.